ಶಾಸ್ತ್ರದಾಗ ಒಂದಕ್ಷರ ತಪ್ಪಿಲ್ಲ

ಶಾಸ್ತ್ರ ನಂಬುವ ಹೆಂಡತಿ ಸಿಕ್ಕವನು ಪುಣ್ಯವಂತ ಎನ್ನುವವರು ಯಾರಾದರೂ ಇದ್ದರೆ, ಅವರು ಕೊಟ್ಟೂರಿನ ನಮ್ಮ ಮನೆಗೆ ಬಂದು ಒಂದು ಶ್ರಾವಣ ಸೋಮವಾರ ಕಳೆಯಲಿ.

ಆ ವರ್ಷ ನನ್ನ ಹೆಂಡತಿ ನಾಗಲಿಂಗಮ್ಮ ಸಂತೆಯಿಂದ 'ಪತಿಸೌಖ್ಯ ವ್ರತ'ದ ಪುಸ್ತಕ ತಂದಳು. ನನ್ನ ಸೌಖ್ಯಕ್ಕೇ ಅಲ್ಲವೇ ಎಂದು ನಾನೂ ಹಿಗ್ಗಿದೆ. ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಊಟಕ್ಕೆ ಕೂತರೆ, ಮುಂದಿದ್ದ ತಟ್ಟೆಯೇ ಎದ್ದು ಹೋಯಿತು.

"ಇಲ್ಲಿ ನೋಡ್ರಿ, 'ಅಂದು ಪತಿಯು ಉಪವಾಸವಿರತಕ್ಕದ್ದು' ಅಂತ ಐತಿ."

"ಲೇ, ಅದು 'ಸತಿಯು' ಅಂತ ಇರಬೇಕು. ಅಚ್ಚಿನ ತಪ್ಪು!"

"ಶಾಸ್ತ್ರದಾಗ ತಪ್ಪು ಇರ್ತೈತೇನ್ರಿ? ಮೊದ್ಲು ಬಾಯಿ ತೊಳಕೊಳ್ರಿ."

ತೊಳೆದುಕೊಂಡೆ. ಅಂದು ನನ್ನ ಬಾಯಿಗೆ ಬಿದ್ದದ್ದು ಆ ನೀರೊಂದೇ. ಸಂಜೆ ಪಕ್ಕದ ಮನೆಯ ಭರಮಮ್ಮ ಬಂದು, "ಉಜ್ಜಿನಪ್ಪಾರ, ವ್ರತ ಹಿಡಿದ ಮ್ಯಾಲ ಏನ್ ಕಳಿ ಬಂದೈತ್ರಿ ಮುಖಕ್ಕ!" ಎಂದಳು. (ಹಸಿವಿನ ಕಳೆ, ತಾಯಿ!)

ಮರುದಿನವೇ ಬಸ್ಸು ಹತ್ತಿ, ಪುಸ್ತಕ ಅಚ್ಚಾದ ಹಗರಿಬೊಮ್ಮನಹಳ್ಳಿಯ ಪ್ರೆಸ್ಸಿಗೆ ಹೋದೆ. ಮಾಲೀಕ ಬೊಮ್ಮಪ್ಪ ಹಲ್ಲು ಕಿರಿದ. "ಹೌದ್ರಿ, 'ಸ' ಅಕ್ಷರದ ಅಚ್ಚಿನ ಮೊಳಿ ಸಾಲದಾಗಿದ್ವು, 'ಪ' ಹಾಕಿದ್ವಿ. ಅವೆರಡೂ ನೋಡಾಕ ಅಣ್ಣತಮ್ಮ ಇದ್ದಂಗ ಅಲ್ಲೇನ್ರಿ?" ಎನ್ನುತ್ತ ಹೊಸ ಮುದ್ರಣದ ಪ್ರತಿ ಕೊಟ್ಟ. ಮೊದಲ ಪುಟದಲ್ಲೇ 'ಸತಿಯು' ಎಂದು ದುಂಡಗೆ ಅಚ್ಚಾಗಿತ್ತು. ಮುಂದೆ ಓದುವ ವ್ಯವಧಾನ ಯಾರಿಗಿತ್ತು?

ಮನೆಗೆ ಬಂದವನು ಭರಮಮ್ಮನನ್ನೂ ಸಾಕ್ಷಿಗೆ ಕರೆದು, ಪುಸ್ತಕ ಎತ್ತಿ ಹಿಡಿದು ಘೋಷಿಸಿದೆ: "ಶಾಸ್ತ್ರದಾಗ ಒಂದಕ್ಷರ ತಪ್ಪಿಲ್ಲ! ಇದರಾಗ ಹೆಂಗ ಐತೋ ಹಂಗ ನಡೀಬೇಕು!"

"ನಾನೂ ಅದನ್ನ ಅಲ್ಲೇನ್ರಿ ಹೇಳಿದ್ದು?" ಎಂದು ನಾಗಲಿಂಗಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

ಮುಂದಿನ ಸೋಮವಾರ ಅವಳು ಹನಿ ನೀರೂ ಕುಡಿಯದೆ ಹೋಳಿಗೆ ಮಾಡಿದಳು. ನಾನು ಎಲೆಯ ಮುಂದೆ ವಿರಾಜಮಾನನಾದೆ. ವ್ರತದ ಊಟ ನೋಡಲು ಭರಮಮ್ಮನೂ ಬಂದು ಕೂತಳು. ವಿಧಿ ಓದಲು ಪುಸ್ತಕ ಬಿಡಿಸಿದ ನಾಗಲಿಂಗಮ್ಮನ ಮುಖ ಕಪ್ಪಿಟ್ಟಿತು.

"'ಮೊದಲು ಪತಿಗೆ ಬಡಿಯತಕ್ಕದ್ದು' ಅಂತ ಐತ್ರಿ."

"ಅಯ್ಯಯ್ಯೋ, ಅದು 'ಬಡಿಸತಕ್ಕದ್ದು' ಲೇ! ಅಚ್ಚಿನ ತಪ್ಪು!"

"ಇದರಾಗ ತಪ್ಪಿದ್ರ ಹಳೇ ಪುಸ್ತಕನ ಖರೆ ಆತು. ಏಳ್ರಿ, ಉಪಾಸ ಇರ್ರಿ."

ಬುಟ್ಟಿಯಲ್ಲಿ ಹೋಳಿಗೆ ಹಬೆಯಾಡುತ್ತಿತ್ತು. ನಾನು ನಿಧಾನವಾಗಿ ಬೆನ್ನು ಬಾಗಿಸಿದೆ.

"ಶಾಸ್ತ್ರಕ್ಕ ಒಂದು ಏಟು ಸಾಕು. ಮೆಲ್ಲಕ."

ಭರಮಮ್ಮ ಭಕ್ತಿಯಿಂದ ಸೌಟು ಎತ್ತಿ ಕೊಟ್ಟಳು. ನಾಗಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ತಡೀರಿ, ಎಷ್ಟು ಅಂತ ಬರದಾರೋ ನೋಡ್ತೀನಿ" ಎಂದು ಪುಟ ತಿರುವಿ ಓದಿದಳು:

"'ಪತಿಯು ಸಾಕು ಸಾಕೆಂದರೂ ಬಿಡದೆ, ಮತ್ತೆ ಮತ್ತೆ...'"