ಕಾರಿನ ನೀರು, ಅತ್ತೆಯ ಪಾದ

ಹಳೆಯ ಕಾರು ಇಟ್ಟುಕೊಂಡವನಿಗೆ ಮೌನವ್ರತ ಸಾಧ್ಯವಿಲ್ಲ. ಬಾನೆಟ್ ತೆರೆದು ರಸ್ತೆಯಂಚಿಗೆ ನಿಂತರೆ ಸಾಕು, ಏನಾದರೊಂದು ಪ್ರಸಂಗ ತಾನೇ ನಡೆದುಬಂದು ಪಕ್ಕದಲ್ಲಿ ನಿಲ್ಲುತ್ತದೆ. ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಗ್ರಂಥಪಾಲಕ. ದಿನವಿಡೀ ತುಟಿಯ ಮೇಲೆ ಬೆರಳಿಟ್ಟು ಹುಡುಗರನ್ನು ಸುಮ್ಮನಿರಿಸುವ ಉದ್ಯೋಗ, ಮಾತು ಕಡಿಮೆ.

ಕಳೆದ ವರ್ಷ ನನ್ನ ಇಪ್ಪತ್ತು ದಾಟಿದ ಕಾರು ನೀರು ಕಳೆದುಕೊಳ್ಳತೊಡಗಿತು. ಎರಡು ದಿನಕ್ಕೊಮ್ಮೆ ರೇಡಿಯೇಟರಿನಿಂದ ಒಂದು ತಂಬಿಗೆ ಕೂಲಂಟ್, ಇಂಜಿನ್ ತಣಿಸುವ ನೀರು, ಮಾಯ. ಎಲ್ಲಿಗೆ ಹೋಗುತ್ತಿದೆ, ಯಾರಿಗೂ ತಿಳಿಯದು. ಹೆಂಡತಿ ಕರಾರು ಹಾಕಿದಳು.

"ರಾಮದುರ್ಗದಾಗ ನನ್ನ ತಮ್ಮನ ಬಸುರಿ ಮಗಳ ಕುಬಸ ಐತಿ. ಹದಿನೈದ ದಿನ ಉಳದಾವು. ನಮ್ಮವ್ವನ್ನ ಕೂಡಿಸ್ಕೊಂಡು, ಎಲ್ಲೂ ನಿಂದರದ ಹೋಗಿ ಮುಟ್ಟಬೇಕು. ನಡುವ ಒಮ್ಮಿ ನಿಂತರೂ ಕೀಲಿ ನನ್ನ ತಮ್ಮನ ಕೈಯಾಗ. ಧಾರವಾಡದಾಗ ಗಿರಾಕಿ ನೋಡಿಟ್ಟಾನ."

"ಆತು" ಎಂದೆ. ಅವಳನ್ನು ಹೆರಿಗೆಗೆ ಕರೆದೊಯ್ದದ್ದು ಇದೇ ಕಾರಿನಲ್ಲಿ, ಮಗನನ್ನು ಮನೆಗೆ ತಂದದ್ದೂ ಇದರಲ್ಲೇ. ಅದನ್ನು ಹೇಳಲಿಲ್ಲ.

ರಟ್ಟಿನ ಸಾಕ್ಷಿ

ಗ್ರಂಥಾಲಯದಲ್ಲಿ ಮೋಟಾರು ದುರಸ್ತಿಯ ಪುಸ್ತಕವೊಂದಿತ್ತು. ನಾನೇ ಅದರ ಮೊದಲ ಓದುಗ. ನಿಂತ ಕಾರಿನ ಕೆಳಗೆ ರಟ್ಟು ಹಾಸಿಡಿ, ಹನಿ ಬಿದ್ದ ಜಾಗದ ಮೇಲಿಂದ ಸೋರುವ ಜಾಗ ಹಿಡಿಯಿರಿ ಎಂದು ಅದು ಹೇಳಿತು. ಸಂಜೆ ಹಾಸಿದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ಈ ತುದಿಯಿಂದ ಆ ತುದಿಗೆ ತೊಯ್ದು ಹೋಗಿತ್ತು. ಕಳ್ಳ ಸಿಕ್ಕನೆಂದು ರಟ್ಟನ್ನು ಕಾರಿನಲ್ಲೇ ಹಾಕಿಕೊಂಡು ಗ್ಯಾರೇಜಿಗೆ ಓಡಿದೆ.

ಮೇಸ್ತ್ರಿ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟ ನೀರ ಹೋಗಿದ್ರ ಗಾಡಿ ಇಲ್ಲೀಮಟ ಬರತಿರಲಿಲ್ಲರಿ ಸರ." ಮೂಗಿನ ಹತ್ತಿರ ಹಿಡಿದ. ಮೂಗು ಹಿಂದೆ ಸರಿಯಿತು.

ಆಗ ನೆನಪಾಯಿತು. ನಾನು ಏಳುವ ಮೊದಲೇ ಹೆಂಡತಿ ಎದ್ದು ಕಾರು ನಿಲ್ಲುವ ಅಂಗಳಕ್ಕೆ ಸಗಣಿ ನೀರಿನ ಥಳಿ ಹೊಡೆದಿರುತ್ತಾಳೆ, ರಂಗೋಲಿ ಹಾಕಿರುತ್ತಾಳೆ. ಇಷ್ಟು ವರ್ಷ ಅದನ್ನು ತುಳಿಯದೆ ದಾಟಿದ್ದೇನೆಯೇ ಹೊರತು ಯೋಚಿಸಿರಲಿಲ್ಲ.

ಮೇಸ್ತ್ರಿ ಗಂಭೀರವಾಗಿ ಕೇಳಿದ: "ಸರ, ಗಾಡಿಗೆ ಪೆಟ್ರೋಲ್ ಹಾಕತೀರೋ, ಹುಲ್ಲ ಹಾಕತೀರೋ?"

ಅರಿಶಿನದ ಚಿಕಿತ್ಸೆ

ಸಂಪಗಾಂವದ ಹತ್ತಿರ ಕಾರು ಕುದಿಯಿತು. ಹತ್ತಿ ಹೇರಿದ ಲಾರಿಯೊಂದು ನಿಂತಿತು. ಬಿಳಿ ಮೀಸೆಯ ಚಾಲಕ ಇಳಿದು ಬಂದ.

"ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ, ಮಾರಿ ಸುಟ್ಟೀತು. ಆರಲಿ."

ಅರ್ಧ ತಾಸು ಕಾದೆವು. ಇಂಜಿನ್ ಆರಿದ ಮೇಲೆ ಆತ ಲಾರಿಯಲ್ಲಿದ್ದ ಅಡುಗೆಯ ಡಬ್ಬಿಯಿಂದ ಎರಡು ಮುಷ್ಟಿ ಅರಿಶಿನ ಪುಡಿ ತಂದು ರೇಡಿಯೇಟರಿಗೆ ಸುರಿದ, ಮೇಲೆ ನೀರು ಹೊಯ್ದ. "ಸಣ್ಣ ತೂತ ಇದ್ರ ಮುಚ್ಚತೈತಿ. ನಮ್ಮಪ್ಪನ ಕಾಲದ ಔಷಧ."

ನಾಲ್ಕು ದಿನದ ಮೇಲೆ ಮಾರುಕಟ್ಟೆಯಲ್ಲಿ ಮತ್ತೆ ಸಿಕ್ಕ. ನೀರು ಹೋಗುವುದು ನಿಂತಿಲ್ಲ ಎಂದೆ. ಆತನ ಮುಖದಲ್ಲಿ ಸೋಲಿನ ಕುರುಹೇ ಇಲ್ಲ.

"ಸೋರೂದು ನಿಂತಿರಲಿಕ್ಕಿಲ್ಲರಿ. ಆದ್ರ ಗಾಯ ನಂಜ ಆಗೂದಿಲ್ಲ ನೋಡ್ರಿ."

ಒಣ ನೆಲ

ಮೇಸ್ತ್ರಿ ಎರಡು ದಿನ ಕಾರನ್ನು ಇಟ್ಟುಕೊಂಡ. ರಬ್ಬರ್ ಪೈಪು ಬದಲಿಸಿದ, ಮುಚ್ಚಳ ಬದಲಿಸಿದ, ಇಂಜಿನ್ ಕಾಯಿಸಿ ಬ್ಯಾಟರಿ ದೀಪ ಹಿಡಿದು ಕೆಳಗೆ ಮಲಗಿ ನೋಡಿದ. ಒಂದು ಹನಿಯೂ ಇಲ್ಲ. ಆದರೂ ನೀರು ಕಡಿಮೆಯಾಗಿತ್ತು.

ನನ್ನ ಜೊತೆ ಬಂದಿದ್ದ ಹೆಂಡತಿ ಹೇಳಿದಳು: "ನಾ ಕೂಡೂ ಕಡೆ ಮ್ಯಾಟ್ ಹಸಿ ಇರತೈತಿ. ಏನೋ ಬೆಲ್ಲದಂಗ ಸೀ ವಾಸನಿ ಬರತೈತಿ."

ನಾವಿಬ್ಬರೂ ಅವಳನ್ನು ಕರುಣೆಯಿಂದ ನೋಡಿದೆವು. "ಅದು ಎಸಿ ನೀರ ಇರಬೇಕ್ರಿ ಅಕ್ಕಾರ" ಎಂದು ಮೇಸ್ತ್ರಿ ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕಿದ. ಕೊನೆಗೆ ಕೈ ಒರೆಸಿಕೊಂಡು ನನ್ನನ್ನೂ ಕಾರನ್ನೂ ಒಂದೇ ನೋಟದಲ್ಲಿ ಅಳೆದ.

"ಗಾಡೀನೂ ನಿಮ್ಮಂಗ ಆಗೇತಿ ಸರ. ಒಳಗ ಏನ ತ್ರಾಸ ಐತಿ, ಬಾಯಿ ಬಿಡಂಗಿಲ್ಲ."

ಪಾದದ ಗುರುತು

ಕುಬಸಕ್ಕೆ ಎರಡು ದಿನ ಇತ್ತು. ಬುತ್ತಿಯ ಕರಚಿಕಾಯಿ ಮಾಡಲು ಅತ್ತೆಯನ್ನು ಸವದತ್ತಿಯಿಂದ ಕರೆತಂದೆ. ಅವರು ಮುಂದಿನ ಸೀಟಿನಲ್ಲಿ ಕುಳಿತರು, ಚಪ್ಪಲಿ ಕೈಚೀಲದಲ್ಲಿ. ಪೂಜೆ ಮಾಡಿದ ಗಾಡಿಯಲ್ಲಿ ಅವರು ಚಪ್ಪಲಿ ಹಾಕುವುದಿಲ್ಲ.

ಮನೆ ತಲುಪಿ, ಬಾಗಿಲಿಗೆ ಬಂದ ನೆರೆಮನೆಯಾಕೆಯೊಡನೆ ಮಾತನಾಡುತ್ತ ಅತ್ತೆ ನೇರ ದೇವರ ಕೋಣೆಗೆ ನಡೆದರು. ಬಿಳಿ ಫರ್ಸಿ ನೆಲದ ಮೇಲೆ, ಹೊಸ್ತಿಲಿನಿಂದ ದೇವರ ಜಗಲಿಯವರೆಗೆ, ಒಂದರ ಮುಂದೊಂದು ಹಳದಿ ಹೆಜ್ಜೆಗಳು.

"ಅಯ್ಯ ನನ್ನವ್ವಾ!" ಎಂದಳು ನೆರೆಯಾಕೆ. "ಸವದತ್ತಿ ಗುಡ್ಡದ ದೇವಿ ಭಂಡಾರ ಕಾಲಾಗ ಬಂದೈತ್ರಿ ಅಮ್ಮಾರ!" ಎಂದು ಬಗ್ಗಿ ನಮಸ್ಕಾರ ಮಾಡಿಯೇಬಿಟ್ಟಳು. ಅತ್ತೆ ತಮ್ಮ ಪಾದ ನೋಡಿಕೊಂಡರು. ಮೊದಲು ಗಾಬರಿ, ಆಮೇಲೆ ಇರಬಹುದೇನೋ ಎಂಬ ಗಾಂಭೀರ್ಯ. ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

ನಾನು ಮೊಣಕಾಲೂರಿ ಅವರ ಪಾದಕ್ಕೆ ಮೂಗು ತಂದೆ. ಅರಿಶಿನದ ಜೊತೆ ಹೆಂಡತಿ ಹೇಳಿದ ಸಿಹಿ ವಾಸನೆ. ಕೂಲಂಟ್!

ತಲೆಯ ಮೇಲೆ ಕೈ ಬಿತ್ತು. "ಇರಲಿ, ಏಳ್ರಿ" ಎಂದರು ಅತ್ತೆ. "ಮದಿವ್ಯಾಗಿ ಇಪ್ಪತ್ತಾರ ವರ್ಷ ಆತು. ತಡಾ ಆದ್ರೂ ಅಳಿಯಂದ್ರಿಗೆ ಬುದ್ಧಿ ಬಂತು."

ನಾನು ಎದ್ದವನೇ ಮೇಸ್ತ್ರಿಯ ಬಳಿಗೆ ಓಡಿದೆ. ಒಂದೇ ಶಬ್ದ ಹೇಳಿದೆ: "ಹೀಟರ್."

ಇಂಜಿನ್ನಿನ ಬಿಸಿನೀರು ಎರಡು ಪೈಪಿನಲ್ಲಿ ಕಾರಿನ ಒಳಗಿನ ಹೀಟರಿಗೆ ಹೋಗಿ ಬರುತ್ತದೆ. ತೂತು ಬಿದ್ದದ್ದು ಅಲ್ಲಿ. ಸೋರಿದ್ದೆಲ್ಲ ಕರಿ ಮ್ಯಾಟಿನ ಮೇಲೆ, ಹೆಂಡತಿಯ ಚಪ್ಪಲಿಯ ಕೆಳಗೆ. ಮೇಸ್ತ್ರಿ ಹೀಟರನ್ನು ಬಿಟ್ಟು ಪೈಪಿಗೆ ಪೈಪು ಕೂಡಿಸಿದ, ಅರಿಶಿನವನ್ನೆಲ್ಲ ತೊಳೆದು ತೆಗೆದ, ಹೊಸ ಕೂಲಂಟ್ ತುಂಬಿದ.

"ಬೈಲಹೊಂಗಲದಾಗ ಹೀಟರ್ ಯಾರ್ ಕೇಳ್ಯಾರ್ರಿ? ಬೇಕಾದ್ರ ಕಿಟಕಿ ಇಳಸ್ರಿ."

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ ನಿಧಾನವಾಗಿ ಕರಚಿಕಾಯಿ ಒತ್ತುತ್ತ ಅಂದಳು: "ನಾ ಹೇಳಿದ್ನಿ." ಇಡೀ ಊರಿನಲ್ಲಿ ಕಾರಿನ ರೋಗ ಪತ್ತೆ ಹಚ್ಚಿದವಳು ಅವಳೊಬ್ಬಳೇ. ಒಪ್ಪಿಕೊಂಡೆ, ಬಾಯಿಬಿಟ್ಟು.

ರಾಮದುರ್ಗದ ದಾರಿ

ಕುಬಸದ ದಿನ ಬುತ್ತಿಯ ಬುಟ್ಟಿಗಳೊಂದಿಗೆ ಹೊರಟೆವು. ಅತ್ತೆ ಮುಂದೆ, ಹೆಂಡತಿ ಹಿಂದೆ. ಕರಾರಿನ ಮಾತು ಅತ್ತೆಗೆ ಗೊತ್ತಿರಲಿಲ್ಲ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ಅಲ್ಲಾಡದೆ ನಿಂತಿತ್ತು. ಅದನ್ನು ನೋಡುವುದೇ ಒಂದು ಸುಖ.

ಸವದತ್ತಿಯಲ್ಲಿ ಅತ್ತೆ, "ಸ್ವಲ್ಪ ನಿಂದರಸ್ರಿ, ಮನಿ ಕೀಲಿ ಸರಿ ಹಾಕೇನೋ ಇಲ್ಲೋ ನೋಡಿ ಬರತೇನಿ" ಎಂದರು. ನಾನು ರಸ್ತೆ ನೋಡಿದೆ. ಮುಂದೆ ಪೇರಲಹಣ್ಣಿನ ಬುಟ್ಟಿ ಕಂಡಿತು: "ನಿಂದರಸ್ರಿ." ನಿಲ್ಲಿಸಲಿಲ್ಲ. ಪರಿಚಯದವರೊಬ್ಬರು ರಸ್ತೆಯಂಚಿನಿಂದ ಕೈ ಮಾಡಿದರು. ಅತ್ತೆ ಕೂಗಿದರು: "ಅಯ್ಯ, ನಮ್ಮ ಬೀಗರು! ನಿಂದರಸ್ರೀ!" ಬೀಗರ ಕೈ ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಯಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅತ್ತೆ ಬಾಗಿಲಿನ ಹಿಡಿಕೆ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದರು.

ರಾಮದುರ್ಗದ ಮನೆ ಮುಂದೆ ಹೆಂಡತಿಯ ತಮ್ಮ ಕೀಲಿಗಾಗಿ ಕೈ ಚಾಚಿಕೊಂಡೇ ನಿಂತಿದ್ದ. ಕಾರು ನಿಂತಿತು. ಹೊಗೆ ಇಲ್ಲ, ಹಬೆ ಇಲ್ಲ, ಹನಿ ಇಲ್ಲ.

"ಅವ್ವಾ, ಖರೆ ಹೇಳು. ದಾರ್ಯಾಗ ಎಷ್ಟ ಸಲ ನಿಂತಿತು?"

ಅತ್ತೆ ಬಾಗಿಲಿನ ಹಿಡಿಕೆ ಬಿಟ್ಟು ಇಳಿದರು. "ಏನ ನಿಂದರೂದಪಾ! ಬಡಕೊಂಡ್ರೂ ನಿಂದರಲಿಲ್ಲ. ನೀರಿಂದ ಆಮ್ಯಾಲ ನೋಡೋಣು, ಮೊದಲ ನಿಮ್ಮ ಭಾವನ ಗಾಡಿಗೆ ಬ್ರೇಕ್ ಹಾಕಸು!"