ಹಿಂದಿನ ಗೇಟಿನಿಂದ ಬಂದೂಕು ಮೇಳಕ್ಕೆ

ಪ್ರವೀಣಕುಮಾರ ಕ್ಯಾಂಟೀನಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಜರ್ಮನಿಯ ರೆನ್ನಿಂಗೆನ್‌ನ ಆಫೀಸಿನಲ್ಲಿ ಅವನ ಬಾಸ್ ಹೆರ್ ಬ್ರೆನ್ನರ್‌ಗೆ ಹಳೆಯ ಜೋಡುನಳಿಗೆ ಬಂದೂಕು ಕೂಡಿಡುವ ಹುಚ್ಚು. ಹೊಸ ಪ್ರಾಜೆಕ್ಟಿಗೆ ಲೀಡ್ ಯಾರೆಂದು ತೀರ್ಮಾನಿಸುವವರೂ ಅವರೇ. ಅದಕ್ಕೇ ಇವನು ಸೂಪು ಕುಡಿಯುತ್ತ, ತನಗೂ ಆ ಹುಚ್ಚಿದೆ, ಗದಗದ ಅಜ್ಜನ ಮನೆಯಲ್ಲಿ ಅಂಥದೊಂದು ಬಂದೂಕಿತ್ತು ಎಂದುಬಿಟ್ಟ. ಅಜ್ಜನ ಬಳಿ ಇದ್ದದ್ದು ಜೋಳದ ಹೊಲದಲ್ಲಿ ಗಿಳಿ ಓಡಿಸುವ ಕವಣೆ.

ಬ್ರೆನ್ನರ್ ಕಣ್ಣರಳಿಸಿ, ಹಾಗಿದ್ದರೆ ಭಾನುವಾರ ಸಂಗ್ರಾಹಕರ ಬಂದೂಕು ಮೇಳದಲ್ಲಿ ಸಿಗೋಣ ಎಂದರು.

ಮೇಳದ ಟಿಕೆಟ್ ಹದಿನೆಂಟು ಯೂರೋ, ಪಾರ್ಕಿಂಗ್ ಬೇರೆ. ಇವನು ಮುಖ ಹುಳ್ಳಗೆ ಮಾಡಿದ್ದನ್ನು ಪಕ್ಕದ ಮೇಜಿನಲ್ಲಿದ್ದ, ಅದೇ ಟೀಮಿನ ಲಾವಣ್ಯಾ ನೋಡಿದಳು. ಮೈಸೂರಿನವಳು, ಪರರ ಉಸಾಬರಿ ಅವಳಿಗೆ ಊಟಕ್ಕಿಂತ ರುಚಿ.

"ಯಾಕೆ ದುಡ್ಡು ಸುರೀತೀರಾ? ಅಂಗಡಿಯವ್ರಿಗೆ ಎಂಟ್ರಿ ಫ್ರೀ. ಯಾರದ್ದಾದ್ರೂ ಪೆಟ್ಟಿಗೆ ಹೊತ್ಕೊಂಡು ಹಿಂದಿನ ಗೇಟಲ್ಲಿ ನುಗ್ಗಿ."

ಭಾನುವಾರ ಹಿಂದಿನ ಗೇಟಿನಲ್ಲಿ ಒಬ್ಬ ಮುದುಕಿ ಪೆಟ್ಟಿಗೆಯೊಡನೆ ಗುದ್ದಾಡುತ್ತಿದ್ದಳು. ಪ್ರವೀಣಕುಮಾರ ಅದನ್ನು ಹೆಗಲಿಗೇರಿಸಿದ. ಎಮ್ಮೆಕರುವಿನಷ್ಟು ಭಾರ. ಕಾವಲಿನವನು ಅಂಗಡಿಯವರ ಬ್ಯಾಡ್ಜನ್ನು ಮಾಲೆಯಂತೆ ಕೊರಳಿಗೆ ಹಾಕಿ ಒಳಗೆ ಬಿಟ್ಟ.

ಒಳಗೆ ಸರಪಳಿ ಬಿಗಿದ ಬಂದೂಕುಗಳೇ ಅರ್ಧ ಹಾಲ್. ಉಳಿದರ್ಧದಲ್ಲಿ ಖಾಲಿ ತೋಟಾ ಡಬ್ಬಿ, ಜಿಂಕೆಕೊಂಬಿನ ಗುಂಡಿ, ಚರ್ಮದ ಚಡ್ಡಿ, ಹುಲ್ಲು ತುಂಬಿಸಿಕೊಂಡು ಬೆಪ್ಪಾಗಿ ನಿಂತ ಕಾಡುಹಂದಿ. ನಡುವೆ ಜೇನುತುಪ್ಪ ಮಾರುವವನೂ ಒಬ್ಬ. ನೋಡುವಷ್ಟರಲ್ಲಿ ಮುದುಕಿ, ಎರಡು ನಿಮಿಷ ಕೂತಿರು, ಕಾಫಿ ಕುಡಿದು ಬರುತ್ತೇನೆಂದು ಹೋದಳು. ಹೋದವಳು ಹೋದಳು.

ಅವಳ ಅಂಗಡಿಯಲ್ಲಿದ್ದದ್ದು ನಾಯಿ ಕರೆಯುವ ಸೀಟಿ, ನಳಿಗೆ ಉಜ್ಜುವ ಬ್ರಷ್ಷು. ಗಿರಾಕಿಗಳು ಏನು ಕೇಳಿದರೂ ಪ್ರವೀಣಕುಮಾರ "ಬಹಳ ಹಳೆಯದು" ಎನ್ನುತ್ತಿದ್ದ. ಮುಟ್ಟಿದ್ದಕ್ಕೆಲ್ಲ ಹಾಗೇ ಎನ್ನುತ್ತ ತಲೆಯೆತ್ತಿದರೆ ಎದುರಿಗೆ ಬ್ರೆನ್ನರ್. ಅವರ ಕಣ್ಣು ಬ್ಯಾಡ್ಜಿನ ಮೇಲೆ.

ಅಂಗಡಿಯನ್ನೇ ಇಟ್ಟಿದ್ದೀರಾ ಎಂದು ಕೇಳಿದರು. ಟಿಕೆಟ್ ತಪ್ಪಿಸಲು ಹೀಗೆ ಬಂದೆ ಎನ್ನಲಾದೀತೇ? ಹೌದೆಂದ. ಬ್ರೆನ್ನರ್ ಎರಡೂ ಕೈಯಿಂದ ಅವನ ಕೈ ಹಿಡಿದು ಬಹಳ ಹೊತ್ತು ಕುಲುಕಿದರು.

ಸಂಜೆ ಪ್ರವೀಣಕುಮಾರ ಲಾವಣ್ಯಾಳಿಗೆ ಫೋನ್ ಮಾಡಿದ. "ಪ್ರಾಜೆಕ್ಟ್ ನಂದಾತು ಅಂತ ತಿಳ್ಕೋರಿ. ಮನಶ್ಯಾ ಅಳೋದೊಂದ ಬಾಕಿ ಇತ್ತು."

ಸೋಮವಾರ ಬ್ರೆನ್ನರ್ ಇಬ್ಬರನ್ನೂ ಕೋಣೆಗೆ ಕರೆದರು.

"ಪ್ರವೀಣ್, ಲೀಡ್ ನಿಮಗೇ ಎಂದುಕೊಂಡಿದ್ದೆ," ಎಂದರು. "ಆದರೆ ಈ ಪ್ರಾಜೆಕ್ಟ್ ವಾರಾಂತ್ಯಗಳನ್ನೆಲ್ಲ ನುಂಗುತ್ತದೆ. ನಿನ್ನೆ ನಿಮ್ಮ ಅಂಗಡಿ ನೋಡಿದ ಮೇಲೆ ನಿಮ್ಮ ಭಾನುವಾರ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಲಾವಣ್ಯಾಗೆ, ಪಾಪ, ಯಾವ ಹವ್ಯಾಸವೂ ಇಲ್ಲ. ಲೀಡ್ ಅವರಿಗೆ."

ಲಾವಣ್ಯಾ ನೆಲ ನೋಡಿದಳು. ಬ್ರೆನ್ನರ್ ಪ್ರವೀಣಕುಮಾರನತ್ತ ಬಾಗಿ ದನಿ ತಗ್ಗಿಸಿ, ಮುಂದಿನ ತಿಂಗಳ ಮೇಳಕ್ಕೆ ನಮ್ಮಿಬ್ಬರ ಹೆಸರಲ್ಲಿ ಒಂದು ಅಂಗಡಿ ಬುಕ್ ಮಾಡಿದ್ದೇನೆ ಎಂದರು. ಬಾಡಿಗೆಯಲ್ಲಿ ಪ್ರವೀಣಕುಮಾರನ ಪಾಲು ಇನ್ನೂರು ಯೂರೋ.