ಹಾಲಸ್ವಾಮಿ ಮಾಸ್ತರರ ಶಟರ್ ಸಮರ

ಬಾಗಿಲುಗಳು ಕೈಯ ನೆರವಿಲ್ಲದೆ ಏರಿ, ಯಾರ ಅಪ್ಪಣೆಗೂ ಕಾಯದೆ ಇಳಿಯುವ ಈ ರಿಮೋಟ್ ಯುಗಕ್ಕೆ ಮೊದಲು ಕೈಮುಗಿದು, ದಾವಣಗೆರೆಯ ಹೈಸ್ಕೂಲು ಮೈದಾನವನ್ನು ಮೂವತ್ತೊಂದು ವರ್ಷ ಒಂದೇ ಸೀಟಿಯಿಂದ ನಡುಗಿಸಿದ, ಸಹಸ್ರಬಾಲಕಭಯಂಕರ, ಅಖಂಡಬೆತ್ತಧರ, ನಿವೃತ್ತ ಡ್ರಿಲ್ ಮಾಸ್ತರ ಹಾಲಸ್ವಾಮಿಯವರ ಪ್ರತಾಪವನ್ನು ಹೇಳುತ್ತೇನೆ. ಎಲ್ಲರೂ ಹತ್ತಿರ ಬಂದು ಕೂತು ಕೇಳಿ. ಬಾಗಿಲ ಕೆಳಗೆ ಮಾತ್ರ ಯಾರೂ ಕೂರಬೇಡಿ.

ಅದು ಆಯುಧಪೂಜೆಯ ಬೆಳಗು. ಮಿಂದು ಮಡಿಯುಟ್ಟ ನಮ್ಮ ವೀರಾಗ್ರಣಿ ಕಾರಿಗೆ, ನೀರಿನ ಪಂಪಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಮೂರು ಬೆರಳಿನ ವಿಭೂತಿಯನ್ನು ಧಾರಾಳವಾಗಿ ಬಳಿದು, ಕೊನೆಗೆ ಕಾರ್ ಶೆಡ್ಡಿನ ರಿಮೋಟ್ ಶಟರಿನ ಬಳಿಗೆ ಬಂದರು. ಅದರ ಎಡಕ್ಕೊಂದು ಬಲಕ್ಕೊಂದು, ಮೊಣಕಾಲಿಗಿಂತ ಕೆಳಗೆ, ಎರಡು ಪುಟ್ಟ ಸೆನ್ಸರುಗಳಿದ್ದವು. ಅವುಗಳ ನಡುವೆ ಬೆಕ್ಕು ಸುಳಿದರೂ ಇಳಿಯುವ ಶಟರು ಹಿಂದಿರುಗಿ ಮೇಲೇರುತ್ತಿತ್ತು. ಪತ್ನಿ ದಾಕ್ಷಾಯಣಮ್ಮ ಹಟ ಹಿಡಿದು ಹಾಕಿಸಿದ್ದು ಅವು, ಅತ್ತೆ ನೀಲಮ್ಮನವರಿಗಾಗಿ. ಎಂಬತ್ತಮೂರರ ಆ ತಾಯಿ ಹೂಬುಟ್ಟಿ ಹಿಡಿದು ದಿನಕ್ಕೆ ನಾಲ್ಕು ಸಲ ಅದೇ ಬಾಗಿಲಲ್ಲಿ ಓಡಾಡುತ್ತಿದ್ದರು. ಅವರಿಗೆ ಕಿವಿ ಮಂದ, ನಡಿಗೆ ಇನ್ನೂ ಮಂದ. ಮಾಸ್ತರರು ಸೆನ್ಸರುಗಳನ್ನೂ ಬಿಡದೆ ಮೂರು ಮೂರು ಗೆರೆ ಎಳೆದು ಕೃತಾರ್ಥರಾದರು.

ಹನ್ನೊಂದಕ್ಕೆ ಭಾಮೈದನ ಮಂಡಕ್ಕಿ ಭಟ್ಟಿಯಲ್ಲಿ ಪೂಜೆ. ಮೊದಲ ಕಾಯಿ ಒಡೆಯುವ ಮಹಾಗೌರವ ಮಾಸ್ತರರದೇ. ಹತ್ತೂವರೆಗೆ ಕಾರನ್ನು ಹೊರತಂದು ರಿಮೋಟಿನ ಗುಂಡಿ ಒತ್ತಿದರು. ಶಟರು ಗೇಣುದ್ದ ಇಳಿಯಿತು, ಏನೋ ನೆನಪಾದಂತೆ ನಿಂತಿತು, ಮೇಲೇರಿತು. ಮತ್ತೆ ಒತ್ತಿದರು, ಮತ್ತೆ ಏರಿತು. ಏಳು ಸಲ ಈ ಅವಮಾನ ನಡೆಯಿತು.

ಆಗ ಆ ಕ್ರೋಧಾರುಣನೇತ್ರ ಪಂಚೆಯನ್ನು ಮೇಲೆತ್ತಿ ಕಟ್ಟಿ ಗರ್ಜಿಸಿದರು: "ಎಲೈ ಲೋಹಕವಾಟವೇ, ಹತ್ತನೇ ಕ್ಲಾಸು ಬಿ ಸೆಕ್ಷನ್ನನ್ನೇ ನೆಟ್ಟಗೆ ಸಾಲಿನಲ್ಲಿ ನಿಲ್ಲಿಸಿದ ಕೈ ಇದು. ನೀನು ಯಾವ ಲೆಕ್ಕ? ಇನ್ನು ಐದು ನಿಮಿಷದಲ್ಲಿ ನಿನ್ನನ್ನು ಇಳಿಸದಿದ್ದರೆ ಈ ಸೀಟಿ ಮುಟ್ಟುವುದಿಲ್ಲ."

ಹೀಗೆಂದು ಏಣಿಯನ್ನಾರೋಹಣಗೈದು, ಮೋಟಾರಿನ ಪೆಟ್ಟಿಗೆ ತೆರೆದು, ಸೆನ್ಸರುಗಳ ವೈರುಗಳನ್ನು ಕಿತ್ತು ಒಂದಕ್ಕೊಂದು ಹೊಸೆದರು. ಅಷ್ಟಕ್ಕೂ ತೃಪ್ತಿಯಾಗದೆ, ಮೆಕ್ಯಾನಿಕ್ಕು ಮುಟ್ಟಬೇಡಿ ಎಂದು ಮೂರು ಸಲ ಹೇಳಿಹೋಗಿದ್ದ, ಶಟರು ಒತ್ತುವ ಬಲವನ್ನು ಹೆಚ್ಚಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದರು. ಇನ್ನು ಅಡ್ಡ ಬಂದದ್ದನ್ನು ಶಟರು ನೋಡುವುದೂ ಇಲ್ಲ, ಬಿಡುವುದೂ ಇಲ್ಲ.

ಸದ್ದು ಕೇಳಿ ದಾಕ್ಷಾಯಣಮ್ಮ ಹೊರಬಂದರು. ಗಂಡ ಏನು ಮಾಡಿದ್ದಾರೆಂದು ಅವರಿಗೆ ಏಣಿ ನೋಡಿದಾಗಲೇ ತಿಳಿಯಿತು. ವಾದಕ್ಕೆ ನಿಲ್ಲದೆ ಒಳಗೆ ಹೋದರು. ಮಧ್ಯಾಹ್ನದ ಕಾಶಿಹಲ್ವಾಕ್ಕೆಂದು ವಾರದಿಂದ ಕಾಪಿಟ್ಟಿದ್ದ, ಮಾಸ್ತರರು ದಿನಕ್ಕೆರಡು ಸಲ ತಟ್ಟಿ ನೋಡುತ್ತಿದ್ದ ಬೂದುಗುಂಬಳವನ್ನು ಎತ್ತಿಕೊಂಡು ಬಂದು ಶಟರಿನ ಕೆಳಗೆ ಇಟ್ಟರು.

"ಈಗ ಒತ್ತ್ರಿ," ಎಂದರು. "ಇದರ ಮೇಲೆ ಒಂದ್ಸಲ ಇಳೀಲಿ. ಆಮೇಲೆ ಅತ್ತೇರು ಓಡಾಡ್ಲಿ."

ವೀರರು ಹಿಂಜರಿಯುವುದುಂಟೇ? ಒತ್ತಿದರು. ದುರ್ನಿವಾರ, ದುರ್ಧರ್ಷ, ದಯಾವಿಹೀನ ಶಟರು ಗರಗರನೆ ಇಳಿದು, ಕುಂಬಳದ ಮೇಲೆ ಕೂತು, ಒಂದು ಕ್ಷಣವೂ ಅನುಮಾನಿಸದೆ ಒತ್ತಿತು. ಟಪ್ ಎಂದಿತು. ತಿರುಳು ಮಾಸ್ತರರ ಪಾದಕ್ಕೆ ಸಿಡಿಯಿತು, ಬೀಜಗಳು ಕಾರಿನ ಚೆಂಡುಹೂವಿನ ಹಾರಕ್ಕೆ ಅಂಟಿದವು.

ಹಾಲಸ್ವಾಮಿಯವರು ರಿಮೋಟನ್ನು ನೋಡಿದರು, ಕುಂಬಳವನ್ನು ನೋಡಿದರು, ಅಂಗಳದ ಮೂಲೆಯಲ್ಲಿ ಕಣಗಿಲೆ ಕೀಳುತ್ತಿದ್ದ ತಾಯಿಯ ಬೆನ್ನನ್ನು ನೋಡಿದರು. ಅವರಿಗೆ ಹೆದರಿಕೆಯಾಯಿತು. ಮೈದಾನದಲ್ಲಿ ಎಂದೂ ಆಗದ ಹೆದರಿಕೆ ಅದು. ಶಟರನ್ನೆತ್ತಿ, ಏಣಿ ಹತ್ತಿ, ತಿರುಪನ್ನು ಮೊದಲಿನ ಗುರುತಿಗೆ ತಂದು, ವೈರುಗಳನ್ನು ಬಿಡಿಸಿ ಅವುಗಳ ಜಾಗಕ್ಕೇ ಸೇರಿಸಿದರು. ಮೆಕ್ಯಾನಿಕ್ಕಿಗೆ ಫೋನು ಮಾಡಿ, ಹಬ್ಬ ಕಳೆದೊಡನೆ ಬಂದು ಎಲ್ಲವನ್ನೂ ನೋಡಬೇಕೆಂದು ಕೇಳಿಕೊಂಡರು. ಕೇಳಿಕೊಳ್ಳುವುದು ಅವರಿಗೆ ಹೊಸದು.

ಅಷ್ಟರಲ್ಲಿ ನೀಲಮ್ಮನವರು ಬುಟ್ಟಿ ತುಂಬಿಸಿಕೊಂಡು ಮೆಲ್ಲಗೆ ಬಂದರು. ನೆಲದ ಮೇಲಿನ ಕುಂಬಳ ನೋಡಿ, ಗೋಡೆ ಹಿಡಿದು ಬಗ್ಗಿ, ಸೆನ್ಸರನ್ನು ನೋಡಿದರು.

"ಇದರ ಕಣ್ಣಿಗೆ ಇಭೂತಿ ಬಳಿದೋರು ಯಾರಪ್ಪ? ಹಣೆಗೆ ಹಚ್ಚೋದು ಅದು. ಕಣ್ಣು ಮುಚ್ಚಿದ್ರೆ ಅದಕ್ಕೇನು ಕಾಣ್ತೈತಿ?"

ಸೆರಗಿನ ತುದಿಯಿಂದ ಎರಡನ್ನೂ ಒರೆಸಿ, ಒಳಗೆ ಹೋದರು. ಯುದ್ಧಕಾರಣವಾದ ಆ ಮಹಾವಿಘ್ನ ಸೆರಗಿನ ಮೇಲೆ ಒಂದು ಬಿಳಿ ಕಲೆಯಾಗಿ ಉಳಿಯಿತು.

ದಾಕ್ಷಾಯಣಮ್ಮ ಉಳಿದ ಅರ್ಧ ಕುಂಬಳವನ್ನು ಅಡ್ಡ ಇಟ್ಟು ಮತ್ತೆ ಒತ್ತಿಸಿದರು. ಶಟರು ಇಳಿಯುತ್ತ ಬಂದು, ಮುಟ್ಟುವ ಮೊದಲೇ ಮೇಲೇರಿತು. ಕುಂಬಳ ತೆಗೆದ ಮೇಲೆ ಸದ್ದಿಲ್ಲದೆ ಇಳಿದು ಮುಚ್ಚಿಕೊಂಡಿತು. ಅಷ್ಟು ಹೊತ್ತಿಗೆ ಭಟ್ಟಿಯಲ್ಲಿ ಮೊದಲ ಕಾಯಿಯನ್ನು ಬೇರೆ ಯಾರೋ ಒಡೆದಾಗಿತ್ತು.

ಸಹಸ್ರಬಾಲಕಭಯಂಕರರು ಈಗ ಪ್ರತಿ ತಿಂಗಳ ಒಂದನೇ ತಾರೀಖು ಹಳೇ ಬನಿಯನ್ ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಎರಡು ಸೆನ್ಸರುಗಳನ್ನು ಒರೆಸುತ್ತಾರೆ. ದಾಕ್ಷಾಯಣಮ್ಮ ಬಗ್ಗಿ ನೋಡಿ, "ಎಡಗಡೇದು ಇನ್ನೊಂದ್ಸಲ ಒರೆಸ್ರಿ," ಅನ್ನುತ್ತಾರೆ. ಅವರು ಒರೆಸುತ್ತಾರೆ.